ಹೇಳದೆ ನಿಂತ ಬಸ್ಸು

ನಷ್ಟಗಳಲ್ಲಿ ಎರಡು ಬಗೆ. ಮನೆಗೆ ಬೆಂಕಿ ಬಿದ್ದರೆ ಊರೆಲ್ಲ ಅರಿಯುತ್ತದೆ. ಜನರು ಓಡಿ ಬರುತ್ತಾರೆ, ನೀರು ಹೊರುತ್ತಾರೆ, ಮರುದಿನ ಬಂದು ಸಮಾಧಾನ ಹೇಳುತ್ತಾರೆ. ಗೆದ್ದಲು ಹತ್ತಿ ಆಗುವ ನಷ್ಟವನ್ನು ಮಾತ್ರ ಯಾರೂ ಅರಿಯರು. ತೊಲೆಯು ಹೊರಗಿನಿಂದ ತೊಲೆಯಾಗಿಯೇ ಕಾಣುತ್ತಿರುತ್ತದೆ. ಒಂದು ಮಳೆಗಾಲದಲ್ಲಿ ಮಾಳಿಗೆಯು ಕುಸಿದಾಗ, ಅದು ಎಂದೋ ಟೊಳ್ಳಾಗಿತ್ತೆಂಬದು ತಿಳಿಯುತ್ತದೆ. ಈ ಎರಡನೆಯ ಬಗೆಯ ನಷ್ಟವೊಂದನ್ನು ಕುರಿತು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಊರಿಗೆ ಬರುತ್ತಿದ್ದ ಬಸ್ಸುಗಳು ಹೇಳದೆ ಕೇಳದೆ ಕಡಿಮೆಯಾಗುವದೇ ಆ ಸಂಗತಿಯು. ಸಾಹಿತ್ಯಕ್ಕೆ ಮೀಸಲಾದ ಪತ್ರಿಕೆಯಲ್ಲಿ ಬಸ್ಸಿನ ಮಾತೇಕೆಂದು ವಾಚಕರು ನಗಬಹುದು. ಆದರೆ ಕೊಟ್ಟ ಮಾತೆಂದರೇನು, ಮಾತು ತಪ್ಪುವದೆಂದರೇನು ಎಂಬ ಪ್ರಶ್ನೆಯು ಕಾವ್ಯದಷ್ಟೇ ಹಳೆಯದು. ನಮ್ಮ ಕಾಲದಲ್ಲಿ ಆ ಮಾತು ಬಸ್ ನಿಲ್ದಾಣದ ಗೋಡೆಯ ಮೇಲೆ ವೇಳಾಪಟ್ಟಿಯಾಗಿ ಬರೆಯಲ್ಪಟ್ಟಿರುತ್ತದೆ, ಅಷ್ಟೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಬಸ್ಸು ಎಂಥ ವಸ್ತುವೆಂಬದನ್ನು ಮೊದಲು ನೆನೆಯೋಣ. ಬಾಗಲಕೋಟೆ-ಕುಡಚಿ ರೈಲುದಾರಿಯು ಮಂಜೂರಾಗಿ ಒಂದು ದಶಕಕ್ಕೂ ಮಿಕ್ಕಿ ಕಾಲ ಸಂದಿದೆಯಾದರೂ ಜಮಖಂಡಿಯವರಿಗೆ ರೈಲಿನ ಸಿಳ್ಳು ಇನ್ನೂ ಪರವೂರಿನ ಸದ್ದೇ ಆಗಿದೆ. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದೇ ವರ್ಷದ ಜೂನ್ 1ರಂದು ಮುಂಬಯಿ ಸರಕಾರದ ಮೊದಲನೆಯ ಎಸ್.ಟಿ. ಬಸ್ಸು ಪುಣೆಯಿಂದ ಅಹಮದನಗರಕ್ಕೆ ಹೊರಟಿತು. ಅಂದಿನಿಂದ ಸಂಸ್ಥಾನಗಳು ಕಳೆದವು, ಪ್ರಾಂತಗಳು ಬದಲಾದವು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಹಳ್ಳಿಯವನು ಸರಕಾರವನ್ನು ದಿನಾಲು ಕಣ್ಣಾರೆ ಕಾಣುವದು ಬಸ್ಸಿನ ರೂಪದಲ್ಲಿಯೇ. ಅದರಲ್ಲಿಯೂ ವಸ್ತಿ ಬಸ್ಸಿನ ಘನತೆಯೇ ಬೇರೆ. ಸಂಜೆ ಊರಿಗೆ ಬಂದು, ರಾತ್ರಿ ಅಲ್ಲಿಯೇ ತಂಗಿ, ನಸುಕಿನಲ್ಲಿ ಪಟ್ಟಣಕ್ಕೆ ಹೊರಡುವ ಬಸ್ಸು ಅದು. ಅದರ ಚಾಲಕನೂ ನಿರ್ವಾಹಕನೂ ಊರ ಅನ್ನ ಉಂಡು, ಗುಡಿಯ ಕಟ್ಟೆಯಲ್ಲೋ ಪಂಚಾಯತಿಯ ಕೋಣೆಯಲ್ಲೋ ಮಲಗಿ, ಅರ್ಧ ಊರವರೇ ಆಗಿರುತ್ತಾರೆ.

ದೊಡ್ಡ ನಿಲುಗಡೆಗಳನ್ನು ನಾವು ಮರೆತಿಲ್ಲ. 2020ರ ಮಾರ್ಚಿಯಲ್ಲಿ ಮಹಾರೋಗದ ನಿಮಿತ್ತ ಬಸ್ಸುಗಳೆಲ್ಲ ನಿಂತು ಮೇ 19ರಂದು ಮರಳಿ ಹೊರಟವು. 2021ರ ಏಪ್ರಿಲ್ 7ರಿಂದ ನೌಕರರ ಮುಷ್ಕರದಲ್ಲಿ ಎರಡು ವಾರ ಸಂಚಾರ ಕೆಟ್ಟಿತು. ಆಗ ಎಲ್ಲರೂ ದಿನ ಎಣಿಸಿದರು, ಪತ್ರಿಕೆಗಳು ಬರೆದವು, ಬಸ್ಸು ಮರಳಿ ಬಂದಾಗ ಬಂದಿತೆಂಬದೂ ಸುದ್ದಿಯಾಯಿತು. ಸದ್ದಿಲ್ಲದ ಕಡಿತದ ರೀತಿಯೇ ಬೇರೆ. ಬನಶಂಕರಿಯ ಜಾತ್ರೆಗೋ ಸವದತ್ತಿಯ ಎಲ್ಲಮ್ಮನ ಜಾತ್ರೆಗೋ ಬಸ್ಸು ಬೇಕಾಗುತ್ತದೆ, ಮದುವೆಗೆ, ಸಭೆಗೆ ಕರಾರಿನ ಮೇಲೆ ಹೋಗಬೇಕಾಗುತ್ತದೆ, ಚಾಲಕರು ಸಾಲದಾಗುತ್ತಾರೆ, ಬಂಡಿಯು ಹಳತಾಗಿ ದುರಸ್ತಿಗೆ ನಿಲ್ಲುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಹಿಂದೆ ತೆವಳಿ ತೆವಳಿ ತಡವಾದ ಬಸ್ಸು ಆ ದಿನದ ಕಡೆಯ ಸುತ್ತುವಳಿಯನ್ನೇ ಬಿಟ್ಟುಬಿಡುತ್ತದೆ. ಇವುಗಳಲ್ಲಿ ಒಂದೂ ಅನ್ಯಾಯದ ಕಾರಣವಲ್ಲ. ಆದರೆ "ಇಂದು ಬಾರದು" ಎಂಬದು "ಈ ವಾರ ಬಾರದು" ಎಂದಾಗಿ, ಕೊನೆಗೆ ಯಾರೂ ಏನೂ ಹೇಳದ ಸ್ಥಿತಿಗೆ ಬರುತ್ತದೆ. ಗೋಡೆಯ ಮೇಲಿನ ಅಕ್ಷರಗಳು ಮಾತ್ರ ಮೊದಲಿನಂತೆಯೇ ಇರುತ್ತವೆ.

ಹಾಗಾದರೆ ಜನರಿಗೆ ತಿಳಿಯುವ ಬಗೆ ಹೇಗೆ? ಸೂಚನಾಪತ್ರದಿಂದ ತಿಳಿಯುವದಿಲ್ಲ, ಮೈಯಿಂದ ತಿಳಿಯುತ್ತದೆ. ಎಂದೂ ಕುಳಿತು ಹೋಗುತ್ತಿದ್ದ ಅಜ್ಜನು ನಿಲ್ಲಬೇಕಾಗುತ್ತದೆ. ನಿಲ್ಲುತ್ತಿದ್ದವನು ಮೆಟ್ಟಿಲ ಮೇಲೆ ಜೋತಾಡುತ್ತಾನೆ. ಸಂತೆಯ ಹೆಣ್ಣುಮಗಳು ಕಾಯಿಪಲ್ಲೆಯ ಬುಟ್ಟಿಯನ್ನು ಒಂದು ಗಳಿಗೆ ಮೊದಲೇ ಮಾರಿ ಮುಗಿಸಲು ದರ ಇಳಿಸುತ್ತಾಳೆ. ನಿಲ್ದಾಣದ ಚಹದಂಗಡಿಯವನು ನಸುಕಿನ ಹಾಲನ್ನು ಕಡಿಮೆ ತರಿಸುತ್ತಾನೆ. ಎಲ್ಲರಿಗಿಂತ ಮೊದಲು ಅರಿಯುವವರು ಟಂಟಂ ನಡೆಯಿಸುವವರು. ಬಸ್ಸಿನ ಹೊತ್ತಿಗೆ ಅಗಸಿಯ ಮುಂದೆ ಟಂಟಂ ಬಂದು ನಿಂತಿತೆಂದರೆ, ಆ ಬಸ್ಸು ಇನ್ನು ಬಾರದೆಂದು ಬಲ್ಲವರು ತಿಳಿದುಕೊಳ್ಳುತ್ತಾರೆ. ಇಷ್ಟೆಲ್ಲ ಕುರುಹುಗಳು ಬೀದಿಯಲ್ಲಿ ಬಿದ್ದಿದ್ದರೂ ಕಾಣದವರು ಯಾರೆಂದರೆ, ಮನೆಯ ಮುಂದೆ ಸ್ವಂತ ವಾಹನ ನಿಲ್ಲಿಸಿಕೊಂಡವರು, ಅರ್ಥಾತ್ ನಾವು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಊರಿನ ಹೆಸರೂ ಕಾಲೇಜಿನ ಹೆಸರೂ ಇಲ್ಲಿ ಬೇಡ. ಪಾಠ ಹೇಳುವದು ನಮ್ಮ ವೃತ್ತಿಯಾಗಿತ್ತು. ಮೊದಲನೆಯ ತರಗತಿಗೆ ಹಳ್ಳಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯು ಒಮ್ಮಿಂದೊಮ್ಮೆ ತಡವಾಗಿ ಬರತೊಡಗಿದಳು. ನಾಲ್ಕನೆಯ ದಿನ ನಾವು ಎಲ್ಲರ ಮುಂದೆ, ಕಲಿಯುವ ಮನಸ್ಸಿದ್ದವರಿಗೆ ದಾರಿ ತಾನೇ ಸಿಗುತ್ತದೆಂದು ನುಡಿದೆವು. ಅವಳು ತಲೆ ತಗ್ಗಿಸಿ ಕುಳಿತಳು, ಬಸ್ಸಿನ ಮಾತೆತ್ತಲಿಲ್ಲ. ಮುಂದೆ ಮೊದಲ ತರಗತಿಗೆ ಬರುವದನ್ನು ಬಿಟ್ಟಳು. ದೀಪಾವಳಿಯ ತರುವಾಯ ಕಾಲೇಜಿಗೇ ಬರಲಿಲ್ಲ. ಹಾಜರಿಪಟ್ಟಿಯಲ್ಲಿ ಹೆಸರಿನ ಮುಂದೆ ಗೀರೆಳೆದು ನಾವು ಮರೆತೆವು. ಸಂತೆಯ ದಿನ ಅವಳ ತಂದೆಯು ಭೆಟ್ಟಿಯಾದಾಗ ಕಾರಣ ಕೇಳಿದೆವು.

"ವಸ್ತಿ ಬಸ್ಸು ನಿಂತು ನಾಕು ತಿಂಗಳಾತ್ರೀ ಸರ. ನಿಂತೈತಿ ಅಂತ ಯಾರೂ ಹೇಳಲಿಲ್ಲ. ನಾಳೆ ಬಂದೀತು, ನಾಡಿದ್ದ ಬಂದೀತು ಅಂತ ಕಾಯ್ದಿವಿ. ಬಸ್ಸಿಗೆ ಅಕಿಗೆ ರೊಕ್ಕ ಇರಲಿಲ್ಲ. ಟಂಟಂಕ ದಿನಾ ಎಲ್ಲಿಂದ ಕೊಡೂಣ್ರೀ?"

2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೇರೆಗೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಗಿದೆ. ಟಿಕೀಟಿನ ಬೆಲೆಯು ಸೊನ್ನೆಯಾಗುವದು ದೊಡ್ಡ ಉಪಕಾರವೇ ಸರಿ. ಆದರೆ ಬಸ್ಸೇ ಸೊನ್ನೆಯಾದ ಊರಿನಲ್ಲಿ ಆ ಉಪಕಾರವನ್ನು ಎಲ್ಲಿ ನಿಂತು ಸ್ವೀಕರಿಸಬೇಕು? ಆ ತಂದೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಿಂತೈತಿ ಅಂತ ಯಾರೂ ಹೇಳಲಿಲ್ಲ" ಎಂಬ ಒಂದು ವಾಕ್ಯವೇ ನಮ್ಮನ್ನು ಈ ವಿಚಾರಕ್ಕೆ ಹಚ್ಚಿದ್ದು.

ಪುರಾತನ ಗ್ರೀಸಿನಲ್ಲಿ ಯೂಬುಲಿಡಿಸನೆಂಬ ತಾರ್ಕಿಕನು ಒಡ್ಡಿದನೆನ್ನಲಾದ ಒಗಟೊಂದಿದೆ. ಕಾಳಿನ ರಾಶಿಯಿಂದ ಒಂದು ಕಾಳು ತೆಗೆದರೆ ರಾಶಿಯು ರಾಶಿಯೇ; ಇನ್ನೊಂದು ತೆಗೆದರೂ ರಾಶಿಯೇ. ಹೀಗಿರಲು ಯಾವ ಕಾಳಿನಿಂದ ಅದು ರಾಶಿಯಲ್ಲದ್ದಾಯಿತು? ಸದ್ದಿಲ್ಲದ ಕಡಿತದ ಬಲವೆಲ್ಲ ಈ ಒಗಟಿನಲ್ಲಿಯೇ ಇದೆ. ಒಂದು ಸುತ್ತುವಳಿ ಹೋಯಿತೆಂದು ದೂರುವವನು ಸಣ್ಣ ಮನಸ್ಸಿನವನಾಗಿ ಕಾಣುತ್ತಾನೆ; ಎಲ್ಲ ಹೋದ ಮೇಲೆ ದೂರುವವನಿಗೆ, ಇಷ್ಟು ದಿನ ಏಕೆ ಸುಮ್ಮನಿದ್ದಿರೆಂಬ ಉತ್ತರ ಸಿಗುತ್ತದೆ. ದೂರಲು ಸರಿಯಾದ ದಿನವೇ ಇಲ್ಲದಂತಾಗುತ್ತದೆ.

ಈ ಒಗಟಿಗೆ ರಬಕವಿ-ಬನಹಟ್ಟಿಯ ನೇಕಾರನನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಸೀರೆಯು ಎಳೆಗಳ ರಾಶಿಯಲ್ಲ, ನೇಯ್ಗೆ. ಮೈಯೊಳಗಿನ ಒಂದು ಎಳೆ ಹೋದರೆ ಸೀರೆ ಉಳಿದೀತು. ಅಂಚಿನ ಎಳೆಗಳು ಬಿಚ್ಚಿದರೆ ಮಿಕ್ಕ ಹೊಕ್ಕುಗಳೂ ನಿಲ್ಲಲಾರವು. ಬಸ್ಸಿನ ವೇಳಾಪಟ್ಟಿಯೂ ಹಾಗೆಯೇ. ಸಂಜೆಯ ಕಡೆಯ ಬಸ್ಸು ಅದರ ಅಂಚು. ಮರಳಿ ಬರಲು ಬಸ್ಸಿಲ್ಲವೆಂದಾದರೆ ಬೆಳಗಿನ ಬಸ್ಸೂ ವ್ಯರ್ಥವು. ಹಿಂದಿರುಗಲಾರದವನು ಹೊರಡುವದೇ ಇಲ್ಲ. ಆದುದರಿಂದ ಕಡೆಯದೊಂದನ್ನು ಕಿತ್ತವನು ಎರಡನ್ನೂ ಕಿತ್ತಂತೆ. ತರುವಾಯ ಬೆಳಗಿನ ಬಸ್ಸಿನಲ್ಲಿ ಜನರಿಲ್ಲವೆಂದು ಲೆಕ್ಕವು ತೋರಿಸುತ್ತದೆ. ಜನರಿಲ್ಲವೆಂದು ಅದನ್ನೂ ನಿಲ್ಲಿಸುತ್ತಾರೆ. ಕೊರತೆಯು ತನಗೆ ತಾನೇ ಸಾಕ್ಷಿ ಹೇಳಿಕೊಂಡಂತಾಯಿತು.

ಲೆಕ್ಕದ ಮಾತು ಬಂದಿತೆಂದು ಇನ್ನೊಂದನ್ನೂ ನೋಡೋಣ. ಜಮಖಂಡಿಯಿಂದ ಬನಹಟ್ಟಿಯ ಕಡೆಗೆ ಹೋಗುವಂಥ ಜನನಿಬಿಡ ದಾರಿಯೊಂದರಲ್ಲಿ ಅರ್ಧ ತಾಸಿಗೊಂದು ಬಸ್ಸಿದೆಯೆಂದು ಭಾವಿಸಿರಿ. ಹೊತ್ತು ನೋಡದೆ ಬಂದ ಪ್ರಯಾಣಿಕನು ಸರಾಸರಿ 15 ಮಿನಿಟು ಕಾಯುತ್ತಾನೆ. ನಡುವಿನ ಒಂದು ಬಸ್ಸು ಬಾರದಿದ್ದರೆ ಆ ತಾಸಿನಲ್ಲಿ ಬಂದವರೆಲ್ಲರೂ ಸರಾಸರಿ 30 ಮಿನಿಟು ಕಾಯುತ್ತಾರೆ. ಕಚೇರಿಯ ಪುಸ್ತಕದಲ್ಲಿ 20ರಲ್ಲಿ ಒಂದು ಕಡಿಮೆಯಾಯಿತು; ನಿಂತವನ ಪಾಲಿಗೆ ಕಾಯುವಿಕೆಯು ಇಮ್ಮಡಿಯಾಯಿತು. ಜರ್ಮನಿಯ ವೇಬರನೆಂಬ ಶರೀರಶಾಸ್ತ್ರಜ್ಞನು 19ನೆಯ ಶತಮಾನದಲ್ಲಿ ಜನರ ಕೈಯಲ್ಲಿ ಭಾರಗಳನ್ನು ಹಿಡಿಸಿ ಒಂದು ನಿಯಮವನ್ನು ಕಂಡುಕೊಂಡನು: ವ್ಯತ್ಯಾಸವು ತಿಳಿಯುವದು ಅದರ ಸ್ವಂತ ತೂಕದಿಂದಲ್ಲ, ಮೊದಲಿದ್ದ ಭಾರದೊಂದಿಗೆ ಅದಕ್ಕಿರುವ ಪ್ರಮಾಣದಿಂದ. ತಾಲೂಕಿನ ನೂರಾರು ಸುತ್ತುವಳಿಗಳನ್ನು ಒಂದೇ ಕೈಯಲ್ಲಿ ಹಿಡಿದ ಅಧಿಕಾರಿಗೆ ಒಂದು ಹೋದದ್ದು ತಿಳಿಯದಿದ್ದರೆ ಅವನು ಕಟುಕನೆಂದಲ್ಲ. ಎರಡೇ ಇದ್ದ ಹಳ್ಳಿಗೆ ಅದರಲ್ಲಿ ಒಂದು ಹೋದರೆ ಅರ್ಧ ಜಗತ್ತೇ ಹೋದಂತೆ. ಆದುದರಿಂದ ಯಾರ ಕೈಗೆ ಭಾರ ತಿಳಿಯುವದೋ ಅವರನ್ನು ಕೇಳದೆ ತೂಗಿದ ತೂಕವು ಸರಿಯಾದ ತೂಕವಲ್ಲ.

ಇದಕ್ಕೆ ಎದುರು ವಾದವುಂಟು. ನಷ್ಟದಲ್ಲಿ ಓಡುವ ಬಸ್ಸನ್ನು ಎಲ್ಲಿಯ ವರೆಗೆ ಓಡಿಸಬೇಕು? 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಲ್ಲಿಯೇ ಈ ಇಬ್ಬಂದಿ ಅಡಗಿದೆ. ಅದರ 18ನೆಯ ಕಲಮು ದಕ್ಷವೂ ಸಾಕಷ್ಟೂ ಆದ ಸಾರಿಗೆಯನ್ನು ಒದಗಿಸುವದು ನಿಗಮದ ಕರ್ತವ್ಯವೆನ್ನುತ್ತದೆ. 22ನೆಯ ಕಲಮು ವ್ಯಾಪಾರದ ತತ್ತ್ವದ ಮೇಲೆ ನಡೆಯಬೇಕೆನ್ನುತ್ತದೆ. ಎರಡೂ ನ್ಯಾಯವೇ, ಎರಡೂ ಕೂಡದ ದಿನ ಯಾವುದನ್ನಾದರೂ ಬಿಡಲೇಬೇಕು. ಬಿಡುವದನ್ನು ನಾವು ಅಧರ್ಮವೆನ್ನುವದಿಲ್ಲ. ಬಡ ಯಜಮಾನನು, ಈ ವರ್ಷ ಹಬ್ಬಕ್ಕೆ ಹೊಸ ಬಟ್ಟೆಯಿಲ್ಲವೆಂದು ಮಕ್ಕಳಿಗೆ ಹೇಳಿದರೆ ಅದು ದುಃಖ. ಹೇಳದೆ ಹಬ್ಬದ ಬೆಳಗಿನ ವರೆಗೂ ಅವರನ್ನು ಕಾಯಿಸಿದರೆ ಅದು ಬೇರೆಯೇ ಒಂದು ತಪ್ಪು. ಮೊದಲನೆಯದರಲ್ಲಿ ಹಣದ ಬಡತನವಿದೆ, ಎರಡನೆಯದರಲ್ಲಿ ಗೌರವದ ಬಡತನವಿದೆ. ಹೇಳುವದಕ್ಕೆ ವೆಚ್ಚವಿಲ್ಲ; ಒಂದು ಕುಂಚ, ಒಂದಿಷ್ಟು ಬಣ್ಣ ಸಾಕು.

ಬ್ರಿಟನ್ನಿನಲ್ಲಿ 1963ರ ಮಾರ್ಚಿ 27ರಂದು ಬೀಚಿಂಗನ ವರದಿಯು 2,000ಕ್ಕೂ ಮಿಕ್ಕಿ ರೈಲು ನಿಲ್ದಾಣಗಳನ್ನು ಮುಚ್ಚಬೇಕೆಂದಿತು. ಅದು ಕ್ರೂರವಾಗಿತ್ತಾದರೂ ಬಹಿರಂಗವಾಗಿತ್ತು. ಮುಚ್ಚುವ ಮೊದಲು ಪ್ರಕಟಿಸಬೇಕು, ಜನರ ಆಕ್ಷೇಪಣೆಯನ್ನು ಕೇಳಬೇಕು ಎಂಬ ಕಟ್ಟಳೆಯಿತ್ತು. ಆದರೆ ಗಾಡಿಗಳನ್ನು ಕಡಿಮೆ ಮಾಡುವದಕ್ಕೆ ಅಂಥ ಕಟ್ಟಳೆಯಿರಲಿಲ್ಲ. ಆದುದರಿಂದ ಮುಚ್ಚಿದೆವೆಂದು ಹೇಳುವ ತೊಡಕಿಗೆ ಅಂಜಿ, ಕೆಲವು ದಾರಿಗಳಲ್ಲಿ ವಾರಕ್ಕೊಂದೇ ಗಾಡಿಯನ್ನು ನೆಪಕ್ಕೆ ಓಡಿಸುವ ರೂಢಿಯು ಅಲ್ಲಿ ಬೆಳೆಯಿತು. ಹೀಗೆ ಕೊಲ್ಲುವವನು ಉತ್ತರ ಕೊಡಬೇಕಾಗುತ್ತದೆ, ಸೊರಗಿಸುವವನು ಕೊಡಬೇಕಾಗುವದಿಲ್ಲ. ಇದು ಒಂದು ದೇಶದ ದೋಷವಲ್ಲ. ಅಧಿಕಾರವುಳ್ಳ ಕೈಗಳೆಲ್ಲವುಗಳ ದುರ್ಬಲತೆ.

ಅಧಿಕಾರದ ಮಾತನ್ನು ಇಲ್ಲಿಗೆ ಬಿಟ್ಟು ನಮ್ಮ ಮನೆಗಳ ಕಡೆಗೆ ತಿರುಗೋಣ. ಓದುಬರಹ ಬಲ್ಲ ಮನೆತನಗಳು ಬಸ್ಸನ್ನು ಬಿಟ್ಟು ಬಹಳ ದಿನಗಳಾದವು. ಹಿಂದೆ ವಕೀಲರೂ ಮಾಸ್ತರರೂ ಅದೇ ಬಸ್ಸಿಗೆ ಕಾಯುತ್ತಿದ್ದಾಗ, ಅದು ಒಂದು ದಿನ ಬಾರದಿದ್ದರೆ ಸಂಜೆಯೊಳಗೆ ಅರ್ಜಿ ಸಿದ್ಧವಾಗುತ್ತಿತ್ತು. ಬರೆಯಬಲ್ಲವರು ಹೋದ ಮೇಲೆ ಕಾಯುವವರು ಉಳಿದರು, ಬರೆಯುವವರು ಉಳಿಯಲಿಲ್ಲ. ಸದ್ದಿಲ್ಲದ ಕಡಿತದಲ್ಲಿ ಆ ಸದ್ದಿಲ್ಲದಿರುವಿಕೆಯ ಒಂದು ಪಾಲು ನಮ್ಮದೂ ಹೌದು. ಆ ಹುಡುಗಿಯು ನಮ್ಮ ಮುಂದೆ ತಲೆ ತಗ್ಗಿಸಿದ ದಿನ ನಾವು ಒಂದೇ ಪ್ರಶ್ನೆ ಕೇಳಬಹುದಾಗಿತ್ತು. ಕೇಳದೆ ಉಪದೇಶ ಮಾಡಿದೆವು.

ಆದುದರಿಂದ ನಮ್ಮ ಬೇಡಿಕೆಯು ಚಿಕ್ಕದು. ಯಾವ ಸುತ್ತುವಳಿಯನ್ನು ನಿಲ್ಲಿಸಬೇಕಾಯಿತೋ ಅದನ್ನು ನಿಲ್ದಾಣದ ಗೋಡೆಯ ಮೇಲೂ ಊರ ಪಂಚಾಯತಿಯಲ್ಲಿಯೂ ಬರೆದು ತಿಳಿಸಲಿ. ಕಾರಣವನ್ನೂ ಮರಳಿ ಬರುವ ದಿನವನ್ನೂ ಹೇಳಲಿ. ಬಾರದಿದ್ದರೆ ಬಾರದೆಂದಾದರೂ ಹೇಳಲಿ. ಜನರು ಬಸ್ಸಿಲ್ಲದೆ ಬದುಕುವ ದಾರಿಯನ್ನು ಹೇಗಾದರೂ ಹುಡುಕಿಕೊಳ್ಳುತ್ತಾರೆ. ಬಾರದ ಬಸ್ಸಿಗೆ ಕಾಯುತ್ತ ಬದುಕುವದು ಯಾರಿಂದಲೂ ಆಗದು.

ಆ ಹಳ್ಳಿಯ ನಿಲ್ದಾಣದ ಮುಂದಿನಿಂದ ಈಚೆಗೆ ಹಾದು ಹೋದೆವು. ಗೋಡೆಯ ಮೇಲೆ ನಸುಕಿನ ಬಸ್ಸಿನ ವೇಳೆಯು ಇನ್ನೂ ಹಾಗೆಯೇ ಇತ್ತು. ಅದರ ಕೆಳಗೆ ಇಬ್ಬರು ಕುಳಿತಿದ್ದರು. ಇದೇ ಮೊದಲ ಸಲ ನಾವು ಗಾಡಿ ನಿಲ್ಲಿಸಿ, ಯಾವ ಬಸ್ಸಿಗೆ ಕಾಯುತ್ತಿರುವಿರೆಂದು ಕೇಳಿದೆವು.