ಸೋರಿತು ಎಂಬ ಮಾತು

ಮೂಡಿಗೆರೆ, ಕಳಸದ ಕಡೆ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನ ತನಕ ಸುಲಭಕ್ಕೆ ಬಿಡುವುದಿಲ್ಲ. ಹಂಚಿನ ಮನೆಯಾದರೆ ಒಂದಲ್ಲ ಒಂದು ಮೂಲೆಯಲ್ಲಿ ನೀರು ಬಿದ್ದೇ ಬೀಳುತ್ತದೆ. ನಾವು ಚಿಕ್ಕವರಿದ್ದಾಗ ಇಂಥ ರಾತ್ರಿಗಳಲ್ಲಿ ಹಾಸಿಗೆ ಎಳೆದೆಳೆದು ಒಣಗಿದ ಜಾಗ ಹುಡುಕುತ್ತಿದ್ದೆವು. ಅಮ್ಮಿ ಹನಿ ಬೀಳುವಲ್ಲೆಲ್ಲ ಪಾತ್ರೆ ಇಡುತ್ತಿದ್ದರು. ಮನೆಯಲ್ಲಿ 'ಛತ್ ಟಪಕ್ ರಹೀ ಹೈ' ಎನ್ನುತ್ತಿದ್ದೆವು. ಶಾಲೆಯಲ್ಲಿ ಮೇಷ್ಟ್ರು 'ಮಾಡು ಸೋರುತ್ತಿದೆ, ಈಚೆ ಸರಿದು ಕೂತುಕೊಳ್ಳಿ' ಎನ್ನುತ್ತಿದ್ದರು. ಭಾಷೆ ಎರಡಾದರೂ ಮಳೆ ಒಂದೇ.

ನಿಧಾನವಾಗಿ ಹೊರಬರುವ ನೀರಿಗೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ ನೋಡಿ. ತೂತಾದ ಕೊಡ ಸೋರುತ್ತದೆ. ಬಂಡೆಯ ಸಂದಿಯಿಂದ ನೀರು ಒಸರುತ್ತದೆ. ಎಲೆಯ ತುದಿಯಿಂದ ತೊಟ್ಟಿಕ್ಕುತ್ತದೆ. ಹಣೆಯ ಮೇಲೆ ಬೆವರು ಜಿನುಗುತ್ತದೆ. ಕಾಫಿ ಗಿಡದ ಬುಡದಲ್ಲಿ ಮಳೆನೀರು ಇಂಗುತ್ತದೆ. ಉರ್ದುವಿನಲ್ಲಿ ಟಪಕ್ನಾ, ರಿಸ್ನಾ ಇವೆ. ಇಂಗ್ಲಿಷಿನಲ್ಲಿ ಲೀಕ್, ಊಜ್, ಸೀಪ್, ಟ್ರಿಕಲ್. ಈ ಮಾತುಗಳು ನೀರಿನ ಹತ್ತಿರವೇ ಉಳಿದಿಲ್ಲ. ಸುದ್ದಿ ಸೋರುತ್ತದೆ, ನಾಲಿಗೆಯಿಂದ ವಿಷ ಒಸರುತ್ತದೆ, ದನಿಯಲ್ಲಿ ವ್ಯಂಗ್ಯ ತೊಟ್ಟಿಕ್ಕುತ್ತದೆ, ಕಣ್ಣಲ್ಲಿ ಕರುಣೆ ಜಿನುಗುತ್ತದೆ. ವಾಸಿಯಾಗದ ಹಳೆಯ ನೋವು ಉರ್ದುವಿನಲ್ಲಿ ರಿಸುತ್ತಲೇ ಇರುವ ನಾಸೂರ್.

ಈ ಮಾತುಗಳಿಗೆಲ್ಲ ಸಮಾನವಾದ ಗುಣವೊಂದಿದೆ. ಯಾವುದಕ್ಕೂ ಮಾಡುವವನೊಬ್ಬ ಬೇಕಾಗಿಲ್ಲ. ಸೋರುವುದು, ಒಸರುವುದು, ಜಿನುಗುವುದು ತಾನಾಗಿ ಆಗುವ ಕೆಲಸ. ನೀರಿನ ಮಟ್ಟಿಗೆ ಇದು ನಿಜವೂ ಹೌದು. ನಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಯಾರ ಅಪ್ಪಣೆಗೂ ಕಾಯದೆ ಜಿನುಗಿ, ಗೊರೂರಿನ ಅಣೆಕಟ್ಟು ತುಂಬಿಸಿ, ಮುಂದೆ ಕಾವೇರಿಯನ್ನು ಸೇರುತ್ತದೆ. ಆದರೆ ಮಾತು ನೀರಲ್ಲ. ಮಾತು ಸೋರಬೇಕಾದರೆ ಒಂದು ಬಾಯಿ ತೆರೆಯಬೇಕು. ಹಾಗಿದ್ದೂ ನಾವು 'ಸೋರಿತು' ಎಂದು ಹೇಳಿ ಆ ಬಾಯಿಯನ್ನು ಮರೆಮಾಡುತ್ತೇವೆ.

2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಒಂದಲ್ಲ, ಎರಡು ಬಾರಿ ಹೊರಬಿತ್ತು. ಮಾರ್ಚ್ 21ರ ಪರೀಕ್ಷೆ ರದ್ದಾಯಿತು. 31ರಂದು ನಡೆಯಬೇಕಿದ್ದ ಮರುಪರೀಕ್ಷೆಯೂ ರದ್ದಾಯಿತು. ಕೊನೆಗೆ ಏಪ್ರಿಲ್ 12ರಂದು ಮಕ್ಕಳು ಮತ್ತೆ ಬರೆದರು. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು 'ಸೋರಿಕೆಯಾಯಿತು' ಎಂಬ ಮಾತು. 'ಕದ್ದರು', 'ಮಾರಿದರು' ಎಂಬ ಮಾತುಗಳೂ ಕನ್ನಡದಲ್ಲಿವೆ. ಕಾಗದಕ್ಕೆ ಕಾಲಿಲ್ಲ, ಅದು ತಾನಾಗಿ ಎದ್ದು ಹೋಗಲಿಲ್ಲ.

ಬೇರೆಯವರ ಕತೆ ಸುಲಭ. ನಮ್ಮದನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ನೆರೆಮನೆಯ ಖಾಲಾ ಒಬ್ಬರು ತಮ್ಮ ಮಗಳಿಗೆ ಆಗೊಮ್ಮೆ ಈಗೊಮ್ಮೆ ಮೂರ್ಛೆ ಬರುತ್ತದೆಂದು ನಮ್ಮ ಹತ್ತಿರ ಹೇಳಿ ಕಣ್ಣೀರು ಹಾಕಿದ್ದರು. ಒಳ್ಳೆಯ ಡಾಕ್ಟರರು ಯಾರಾದರೂ ಗೊತ್ತೇ ಎಂದು ಕೇಳಲು ಬಂದಿದ್ದರು, ಅಷ್ಟೆ. ನಾವು ಅದನ್ನು ಒಬ್ಬರಿಗೆ, ಒಬ್ಬರೇ ಒಬ್ಬರಿಗೆ ಹೇಳಿದೆವು. ಕೆಟ್ಟ ಮನಸ್ಸಿನಿಂದಲ್ಲ, ಕನಿಕರದಿಂದಲೇ ಹೇಳಿದ್ದೆಂದು ಆಗ ನಂಬಿದ್ದೆವು. ಎರಡು ತಿಂಗಳಿಗೆ ಆ ಹುಡುಗಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಖಾಲಾ ನಮ್ಮ ಜಗಲಿಯಲ್ಲೇ ಕೂತು, 'ಮಾತು ಹೇಗೋ ಸೋರಿಹೋಯಿತು ಬೇಟಾ, ನಸೀಬು' ಎಂದರು. ನಾವೂ ತಲೆಯಾಡಿಸಿ, 'ಹೌದು ಖಾಲಾ, ಹೇಗೋ ಸೋರಿತು' ಎಂದೆವು. ಆ 'ಹೇಗೋ' ಎಂಬುದರ ಹಿಂದೆ ನಾವು ಅಡಗಿ ಕೂತಿದ್ದೆವು.

ಒಬ್ಬರು ನಂಬಿ ಹೇಳಿದ ಮಾತು ಅಮಾನತ್ ಎಂದು ನಮ್ಮ ಹಿರಿಯರು ಕಲಿಸಿದ್ದರು. ಒತ್ತೆಯಿಟ್ಟ ಒಡವೆಯ ಹಾಗೆ, ಕಾಯುವುದಷ್ಟೇ ನಮ್ಮ ಕೆಲಸ. ಖರ್ಚು ಮಾಡುವ ಹಕ್ಕಿಲ್ಲ. ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿ ಗುಮಾನಿ ಪಡುವುದು, ಇನ್ನೊಬ್ಬರ ಗುಟ್ಟು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು ಈ ಮೂರನ್ನೂ ಒಂದೇ ಕಡೆ ನಿಷೇಧಿಸಲಾಗಿದೆ. ಮೂರೂ ಮನುಷ್ಯರು ಮಾಡುವ ಕೆಲಸಗಳು. ತಾನಾಗಿ ಆಗುವ ಸೋರಿಕೆಗೆ ಅಲ್ಲಿ ಜಾಗವಿಲ್ಲ.

ಮನೆಯ ಮಾತು ಹೀಗಾದರೆ ಊರಿನದೂ ಬೇರೆಯಲ್ಲ. ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರೆಂದು ಪ್ರತೀತಿಯಿರುವ ಬಾಬಾಬುಡನ್ ಅವರ ಹೆಸರು ಹೊತ್ತ ಗಿರಿ ನಮ್ಮದು. ಅಲ್ಲಿನ ಗುಹೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತ ಬಂದರು. ದತ್ತಾತ್ರೇಯ ಎಂದವರಿಗೂ ದಾದಾ ಹಯಾತ್ ಎಂದವರಿಗೂ ಬಾಗಿಲು ಒಂದೇ ಆಗಿತ್ತು. 1990ರ ದಶಕದ ಕೊನೆಯ ಹೊತ್ತಿಗೆ ಅದು ವಿವಾದದ ಗಿರಿಯಾಗಿ ರಾಜ್ಯಕ್ಕೆಲ್ಲ ಪರಿಚಯವಾಯಿತು. ಹೇಗಾಯಿತೆಂದು ಕೇಳಿದರೆ, 'ಜನರ ಮನಸ್ಸಿನೊಳಗೆ ಹೇಗೋ ಇಂಗಿಬಿಟ್ಟಿದೆ' ಎನ್ನುತ್ತಾರೆ. ದ್ವೇಷ ಹಾಗೆ ತಾನಾಗಿ ಇಂಗುವುದಿಲ್ಲ. ಭಾಷಣ ಮಾಡಿದವರಿದ್ದಾರೆ. ಹೋಟೆಲಿನಲ್ಲಿ ಆ ಮಾತು ಕೇಳಿಯೂ ಕಾಫಿ ಕುಡಿದು ಸುಮ್ಮನೆ ಎದ್ದು ಬಂದವರಿದ್ದಾರೆ. ನೆರೆಯವರ ಬಗ್ಗೆ ನಮ್ಮ ಜಗಲಿಗಳಲ್ಲಿ ಹಗುರವಾಗಿ ಮಾತಾಡಿದ ನಾವೂ ಇದ್ದೇವೆ.

ಹಾಗಾದರೆ ಗುಟ್ಟನ್ನು ಹೊರಗೆ ಹಾಕುವುದೆಲ್ಲ ಪಾಪವೇ? ಅಲ್ಲ. 1971ರಲ್ಲಿ ಅಮೆರಿಕದ ಡೇನಿಯಲ್ ಎಲ್ಸ್‌ಬರ್ಗ್ ವಿಯೆಟ್ನಾಂ ಯುದ್ಧದ ರಹಸ್ಯ ದಾಖಲೆಗಳನ್ನು ಪತ್ರಿಕೆಗೆ ಕೊಟ್ಟರು. ಆಮೇಲೆ, ಕೊಟ್ಟದ್ದು ನಾನೇ ಎಂದು ಒಪ್ಪಿಕೊಂಡು ನ್ಯಾಯಾಲಯಕ್ಕೆ ಶರಣಾದರು. ಪ್ರಬಲರು ಮುಚ್ಚಿಟ್ಟ ಅನ್ಯಾಯವನ್ನು ಬಯಲಿಗೆ ತರುವುದು ಬೇರೆ, ದುರ್ಬಲರು ನಂಬಿ ಹೇಳಿದ ನೋವನ್ನು ಹಂಚುವುದು ಬೇರೆ. ಎರಡನ್ನೂ ತೂಗಲು ಒಂದು ಪ್ರಶ್ನೆ ನೆರವಾದೀತು: ಮಾಡಿದವನು 'ನಾನು' ಎಂದು ಮುಂದೆ ಬಂದು ನಿಲ್ಲಬಲ್ಲನೇ?

ಶಿಶುನಾಳ ಶರೀಫರು ಸೋರುವ ಮಾಳಿಗೆಯ ಮೇಲೆ ಹಾಡು ಕಟ್ಟಿದ್ದು ಎಲ್ಲರಿಗೂ ಗೊತ್ತು. ಅವರು ಸೋರುತ್ತಿದೆ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅಜ್ಞಾನದಿಂದ ಸೋರುತ್ತಿದೆ ಎಂದು ಕಾರಣ ಹೇಳಿದರು. ಅದನ್ನು ಗಟ್ಟಿ ಮಾಡುವವರಿಲ್ಲ ಎಂದರು. ಕತ್ತಲೆಯಲ್ಲಿ ಮೇಲೆ ಹತ್ತಲು ತನ್ನಿಂದಾಗದು ಎಂದು ತನ್ನ ಪಾಲನ್ನೂ ಒಪ್ಪಿಕೊಂಡರು.

ಹಂಚು ಸರಿಮಾಡುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಹನಿ ಬೀಳುವ ಜಾಗದ ನೇರಕ್ಕೇ ಒಡೆದ ಹಂಚು ಇರಬೇಕೆಂದಿಲ್ಲ. ನೀರು ಪಕಾಸಿನ ಗುಂಟ ಇಳಿದು ಎಲ್ಲೋ ಬೀಳುತ್ತದೆ. ಕೆಳಗೆ ಪಾತ್ರೆ ಇಡುತ್ತ ಕೂತರೆ ಪಾತ್ರೆ ತುಂಬುತ್ತದೆಯೇ ಹೊರತು ಸೋರುವುದು ನಿಲ್ಲುವುದಿಲ್ಲ. ಮಳೆ ಹೊಳವಾದಾಗ ಯಾರಾದರೂ ಹತ್ತಿ ನೋಡಲೇಬೇಕು.

ಆ ಖಾಲಾ ಈಗಿಲ್ಲ. ಅವರಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಆ ದಿನ ಮಾತು ಸೋರಲಿಲ್ಲ. ನಾವು ಹೇಳಿದೆವು.