ಬಂಡೆಯ ಮೇಲಿನ ಹಿಕ್ಕೆ, ಮರಳಿನ ದಂಡೆ

ಹುಲಿ ಎಣಿಸುವ ಕ್ಯಾಮೆರಾಕ್ಕೆ ನೀರುನಾಯಿ ಸುಲಭದ ತುತ್ತಲ್ಲ. ಸುತ್ತಲಿಗಿಂತ ಬೆಚ್ಚಗಿನ ಮೈಯೊಂದು ಎದುರು ಹಾದರೆ ಕ್ಯಾಮೆರಾ ಟ್ರ್ಯಾಪ್ ಚಿತ್ರ ತೆಗೆಯುತ್ತದೆ. ಆಗಷ್ಟೇ ಹೊಳೆಯಿಂದ ಎದ್ದ ನೀರುನಾಯಿಯ ಒತ್ತಾದ ತುಪ್ಪಳ ಒಳಗಿನ ಬಿಸಿಯನ್ನು ಹೊರಬಿಡುವುದಿಲ್ಲ. ಹೊರಮೈ ಹೆಚ್ಚುಕಡಿಮೆ ನೀರಿನಷ್ಟೇ ತಣ್ಣಗಿರುತ್ತದೆ. ಇಡೀ ಹಿಂಡು ಮುಂದೆಯೇ ದಾಟಿದರೂ ಯಂತ್ರ ಸುಮ್ಮನಿರಬಹುದು. ಹುಲಿಗಿರುವಂಥ ಪಟ್ಟೆಯೂ ಇದಕ್ಕಿಲ್ಲ, ನಿನ್ನೆ ಬಂದದ್ದೇ ಇವತ್ತೂ ಬಂತೇ ಎಂದು ಹೇಳುವುದು ಕಷ್ಟ.

ಹಾಗಾಗಿ ‘ಎಷ್ಟಿವೆ’ ಎಂಬ ನಮ್ಮ ಮಾಮೂಲಿ ಪ್ರಶ್ನೆಯನ್ನು ಪಕ್ಕಕ್ಕಿಡುವುದೇ ಲೇಸು. ನೀರುನಾಯಿಗಳು ಹಿಕ್ಕೆ ಹಾಕಲು ಗೊತ್ತಾದ ಜಾಗಗಳಿಗೇ ಮತ್ತೆ ಮತ್ತೆ ಬರುತ್ತವೆ: ದಡದ ಬಂಡೆ, ಮರಳದಿಬ್ಬ. ಅಲ್ಲಿ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು, ಮೂಗು ಮುಚ್ಚಿಸುವ ವಾಸನೆ. ಆ ಜಾಗದೆದುರು ತಗ್ಗಿನಲ್ಲಿ ಕ್ಯಾಮೆರಾ ಕಟ್ಟಿದರೆ ಹಿಂಡಿನ ದಿನಚರಿ ಕಾಣಸಿಗುತ್ತದೆ. ಬೆನ್ನು ಕೆಳಗೆ ಹಾಕಿ ಮರಳಲ್ಲಿ ಹೊರಳಿ, ಕತ್ತು ಉಜ್ಜಿ, ಮತ್ತೆ ಹೊರಳುತ್ತವೆ. ಮರಳೇ ಅವುಗಳ ಟವೆಲ್ಲು.

ಇಂಥ ದಿನಚರಿ ತಿಳಿದರೆ ಏನು ಉಪಯೋಗ ಎಂಬುದಕ್ಕೆ ತುಂಗಭದ್ರೆಯನ್ನೇ ನೋಡಬಹುದು. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆಯ 34 ಕಿ.ಮೀ. ಹರಿವನ್ನು ರಾಜ್ಯ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ದೇಶದಲ್ಲಿ ನೀರುನಾಯಿಗೆಂದೇ ಮೀಸಲಾದ ಮೊದಲ ಜಾಗ ಅದು. ಹಂಪಿ ಇರುವುದು ಆ ಹರಿವಿನ ದಡದಲ್ಲೇ. ಸಂರಕ್ಷಣಾ ಮೀಸಲೆಂದರೆ ಊರವರನ್ನು ಎಬ್ಬಿಸಿ ಬೇಲಿ ಹಾಕುವುದಲ್ಲ; ಬಲೆ, ತೆಪ್ಪ, ಹೊಲ ಎಲ್ಲದರ ನಡುವೆಯೇ ಪ್ರಾಣಿಯೂ ಬದುಕಬೇಕು. ಅದಕ್ಕೇ ನನಗೆ ಕ್ಯಾಮೆರಾದ ಚಿತ್ರಕ್ಕಿಂತ ಅದರ ಮೂಲೆಯಲ್ಲಿ ಬೀಳುವ ಗಂಟೆ-ನಿಮಿಷ ಮುಖ್ಯವೆನಿಸುತ್ತದೆ. ಒಂದು ದಂಡೆಗೆ ಹಿಂಡು ನಸುಕಿನಲ್ಲಿ ಬರುತ್ತದೆಂದು ಗೊತ್ತಾದರೆ, ಅಷ್ಟು ಹೊತ್ತು ಅಷ್ಟು ದಂಡೆ ಬಿಟ್ಟುಕೊಡಿ ಎಂದು ಮೀನುಗಾರರನ್ನು ಕೇಳಬಹುದು. ಇಡೀ ಹೊಳೆ ಬಿಡಿ ಎಂದರೆ ಯಾರು ಕೇಳಿಯಾರು? ಮರಳು ತುಂಬುವವರ ಮುಂದೆ, ಸಿಡಿಮದ್ದು ಹಾಕಿ ಮೀನು ಹಿಡಿಯುವವರ ಮುಂದೆ ಮಾತ್ರ ಇಂಥ ಹೊಂದಾಣಿಕೆಯ ಮಾತು ಬೇಡ. ಅಲ್ಲಿ ಕಾನೂನೇ ಆಗಬೇಕು.

ಇನ್ನೊಂದು ತೊಡಕು ಮೇಲಿನಿಂದ ಬರುತ್ತದೆ. ಮೀಸಲಿಗಿಂತ ಮೇಲಿರುವ ತುಂಗಭದ್ರಾ ಅಣೆಕಟ್ಟಿನ ಗೇಟು ತುಂಗಭದ್ರಾ ಮಂಡಳಿಯ ಕೈಯಲ್ಲಿದೆ, ಅರಣ್ಯ ಇಲಾಖೆಯ ಕೈಯಲ್ಲಲ್ಲ. ಮೀಸಲಿನ ಯೋಜನೆಯ ಸಭೆಗೆ ಮಂಡಳಿಯವರನ್ನೂ ಕೂರಿಸಿಕೊಳ್ಳದಿದ್ದರೆ, ಗುರುತು ಹಾಕಿಟ್ಟ ಮರಳದಿಬ್ಬ ರಾತ್ರೋರಾತ್ರಿ ಮುಳುಗುತ್ತದೆ, ಜೊತೆಗೆ ಕ್ಯಾಮೆರಾವೂ.