ಒಣಕಸದ ಮೂಟೆ

ಬೆಂಗಳೂರಿನಲ್ಲಿ ಹಸಿಕಸಕ್ಕೆ ದಿನವೂ ಗಾಡಿ ಬರಬೇಕು. ಒಣಕಸಕ್ಕೆ ವಾರಕ್ಕೆ ಎರಡೇ ದಿನ. ನಡುವಿನ ದಿನಗಳಲ್ಲಿ ಹಾಲಿನ ಕವರು, ರಟ್ಟಿನ ಡಬ್ಬ, ಬಾಟಲಿಗಳು ಬಾಲ್ಕನಿಯ ಮೂಲೆಯಲ್ಲಿ ಗುಡ್ಡೆಯಾಗುತ್ತವೆ. ಬಾಡಿಗೆ ಮನೆ ಚಿಕ್ಕದಾದಷ್ಟೂ ಗುಡ್ಡೆ ದೊಡ್ಡದಾಗಿ ಕಾಣುತ್ತದೆ. ಇದು ಬರೀ ಜಾಗದ ಸಮಸ್ಯೆಯೇ?

ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ‘ಪ್ಯೂರಿಟಿ ಅಂಡ್ ಡೇಂಜರ್’ ಕೃತಿಯಲ್ಲಿ, ಇರಬಾರದ ಜಾಗದಲ್ಲಿ ಇರುವ ವಸ್ತುವೇ ಕೊಳೆ ಎಂಬ ವಿಚಾರವನ್ನು ಬೆಳೆಸಿದರು. ಹಾಗಾದರೆ ಖಾಲಿ ಕವರು ಇರಬೇಕಾದ ಜಾಗ ಯಾವುದು? ‘ಹೊರಗೆ’ ಎನ್ನುತ್ತೇವೆ. ಆ ಹೊರಗಿಗೂ ಊರಿನ ಹೆಸರಿದೆ. ನಗರದ ವಿಂಗಡಿಸದ ಕಸ ಮಾವಳ್ಳಿಪುರ, ಮಂಡೂರುಗಳಲ್ಲಿ ಬಿತ್ತು. 2014ರಲ್ಲಿ ಮಂಡೂರಿನವರು ಸಾಕೆಂದು ಪ್ರತಿಭಟಿಸಿದರು. ನಾವು ಮೂರು ದಿನ ಸಹಿಸಲಾರದ್ದನ್ನು ಅವರು ವರ್ಷಗಟ್ಟಲೆ ಸಹಿಸಿದ್ದರು.

ಕವರನ್ನು ತೊಳೆದು, ಕ್ಲಿಪ್ ಹಾಕಿ ತಂತಿಯ ಮೇಲೆ ಒಣಗಿಸಿ, ಡಬ್ಬವನ್ನು ಬಿಚ್ಚಿ ಚಪ್ಪಟೆ ಮಾಡಿದರೆ ವಾಸನೆಯಿಲ್ಲ, ಜಾಗವೂ ಉಳಿಯುತ್ತದೆ. ಆದರೆ ತೊಳೆಯುವುದು ನಮ್ಮ ಮೂಗಿಗಾಗಿ ಮಾತ್ರವಲ್ಲ. ಒಣಕಸ ಕೇಂದ್ರದಲ್ಲಿ ಅದನ್ನು ಕೈಯಿಂದ ವಿಂಗಡಿಸುವವರಿದ್ದಾರೆ. ಹುಳಿತ ಹಾಲು ಅಂಟಿದ ಕಾಗದಕ್ಕೆ ಬೆಲೆ ಸಿಗುವುದಿಲ್ಲ, ನಷ್ಟ ಅವರದು. ಮುಖ ಕಾಣದವರಿಗೂ ಸಲ್ಲಬೇಕಾದ ಮರ್ಯಾದೆ ಇದು.

ಪ್ಲಾಸ್ಟಿಕ್ ಸುತ್ತಿ ಮಾರುವುದು ಕಂಪನಿಗಳು, ಹೊಣೆ ಮಾತ್ರ ಮನೆಯವರ ಮೇಲೇಕೆ ಎಂದು ಕೇಳಬಹುದು. ಕೇಳಲೇಬೇಕು. ಆದರೆ ಕಸವನ್ನು ಅಂದೇ ಕಣ್ಮರೆ ಮಾಡುವ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಾವು ಎಷ್ಟು ಕೊಳ್ಳುತ್ತೇವೆ ಎಂಬುದನ್ನು ಅಂಗಡಿಯ ಬಿಲ್ಲಿಗಿಂತ ಸ್ಪಷ್ಟವಾಗಿ ಹೇಳುವುದು ಮೂಲೆಯ ಮೂಟೆ. ಅದು ಕಾಣುವಂತಿರುವುದೇ ಒಳ್ಳೆಯದು.